ಅಮೆರಿಕದ ಕಾಲೇಜು ಫುಟ್‌ಬಾಲ್ ಕೋಚ್‌ಗಳಲ್ಲಿ ನಿಮ್ಮ ದೃಷ್ಟಿಯಲ್ಲಿ ಎಲ್ಲರಿಗಿಂತ ದೊಡ್ಡವರು ಯಾರು, ಏಕೆ?

ನನ್ನ ಆಯ್ಕೆ ಎಡ್ಡಿ ರಾಬಿನ್ಸನ್. ಲೂಯಿಸಿಯಾನ ರಾಜ್ಯದ ಗ್ರ್ಯಾಂಬ್ಲಿಂಗ್ ಎಂಬ ಸಣ್ಣ ಊರಿನಲ್ಲಿ, ಕಪ್ಪು ವರ್ಣೀಯರಿಗೆಂದೇ ಸ್ಥಾಪಿತವಾಗಿದ್ದ ಕಾಲೇಜಿನಲ್ಲಿ, ಅವರು 1941ರಿಂದ 1997ರವರೆಗೂ ಕೋಚ್ ಆಗಿದ್ದರು.

ಅವರು ಹುಟ್ಟಿದ್ದು 1919ರಲ್ಲಿ. ತಂದೆ ಪರರ ಹತ್ತಿ ಹೊಲವನ್ನು ಪಾಲಿಗೆ ಮಾಡುತ್ತಿದ್ದ ರೈತ, ತಾಯಿ ಮನೆಗೆಲಸದವರು. ಕಾಲೇಜು ಓದಿದ ಮೇಲೂ ರಾಬಿನ್ಸನ್ನರಿಗೆ ಸಿಕ್ಕಿದ್ದು ಬ್ಯಾಟನ್ ರೂಜ್ ನಗರದ ಪಶು ಆಹಾರದ ಗಿರಣಿಯಲ್ಲಿ ಗಂಟೆಗೆ 25 ಸೆಂಟಿನ ಕೂಲಿ ಕೆಲಸ. 22ನೆಯ ವಯಸ್ಸಿನಲ್ಲಿ ಗ್ರ್ಯಾಂಬ್ಲಿಂಗ್ ಸೇರಿದಾಗ ಕೋಚ್ ಎಂಬುದು ಹೆಸರಿಗೆ ಮಾತ್ರ. ಮೈದಾನದ ಹುಲ್ಲು ಕತ್ತರಿಸಿ ಗೆರೆ ಎಳೆಯುವುದರಿಂದ ಹಿಡಿದು ಪಂದ್ಯದ ವರದಿ ಬರೆದು ಪತ್ರಿಕೆಗಳಿಗೆ ಕೊಡುವವರೆಗೆ ಎಲ್ಲವೂ ಅವರ ಪಾಲಿಗೇ ಬಂದಿತ್ತು. ದಕ್ಷಿಣದ ಬಿಳಿಯರ ಹೋಟೆಲುಗಳು ಕಪ್ಪು ಹುಡುಗರನ್ನು ಒಳಗೆ ಬಿಡದಿದ್ದ ಕಾಲವಾದ್ದರಿಂದ, ಪರಊರಿನ ಪಂದ್ಯಕ್ಕೆ ಹೊರಡುವಾಗ ತಂಡಕ್ಕೆ ಸ್ಯಾಂಡ್‌ವಿಚ್ ಕಟ್ಟಿಕೊಡುವ ಕೆಲಸವೂ ಅವರದೇ ಆಗಿತ್ತು. ಮೊದಲ ವರ್ಷ ಗೆಲುವಿಗಿಂತ ಸೋಲೇ ಹೆಚ್ಚು. ಮರುವರ್ಷವೇ, ಎದುರಾಳಿಗಳಿಗೆ ಒಂದು ಅಂಕವನ್ನೂ ಬಿಟ್ಟುಕೊಡದೆ, ಆಡಿದ 9 ಪಂದ್ಯಗಳನ್ನೂ ಗೆದ್ದರು.

ಒಟ್ಟು 408 ಗೆಲುವು. 1985ರಲ್ಲಿ ಅಲಬಾಮಾದ ಪ್ರಸಿದ್ಧ ಕೋಚ್ ಬೇರ್ ಬ್ರಯಂಟ್ ಅವರ 323 ಗೆಲುವುಗಳ ದಾಖಲೆಯನ್ನು ಮುರಿದಾಗ ದೇಶವೆಲ್ಲ ಅವರತ್ತ ತಿರುಗಿ ನೋಡಿತು. ಆದರೆ ನಾನು ಅವರನ್ನು ಮೆಚ್ಚುವುದು ಈ ಲೆಕ್ಕಕ್ಕಲ್ಲ. ಆಟದ ಪ್ರತಿಯೊಂದು ನಡೆಯನ್ನೂ ಮೈದಾನದಲ್ಲಿ ನಿಂತು ನಡೆಸುವವನು ಕ್ವಾರ್ಟರ್‌ಬ್ಯಾಕ್. ಅಷ್ಟು ಬುದ್ಧಿಯ ಕೆಲಸ ಕಪ್ಪು ವರ್ಣೀಯರಿಂದ ಆಗದೆಂಬ ಪೂರ್ವಗ್ರಹ ವೃತ್ತಿಪರ ತಂಡಗಳಲ್ಲಿ ಬಹುಕಾಲ ಬೇರೂರಿತ್ತು. ರಾಬಿನ್ಸನ್ ಅದಕ್ಕೆ ಭಾಷಣದಿಂದ ಉತ್ತರಿಸದೆ, ಹುಡುಗರನ್ನು ಅದೇ ಸ್ಥಾನಕ್ಕೆಂದು ಪಳಗಿಸಿದರು. ಅವರ ಶಿಷ್ಯ ಜೇಮ್ಸ್ ಹ್ಯಾರಿಸ್ 1969ರಲ್ಲಿ ಬಫಲೋ ನಗರದ ವೃತ್ತಿಪರ ತಂಡದ ಆ ಋತುವಿನ ಮೊದಲ ಪಂದ್ಯದಲ್ಲೇ ಕ್ವಾರ್ಟರ್‌ಬ್ಯಾಕ್ ಆಗಿ ಕಣಕ್ಕಿಳಿದರು. ಇನ್ನೊಬ್ಬ ಶಿಷ್ಯ ಡಗ್ ವಿಲಿಯಮ್ಸ್ 1988ರ ಜನವರಿಯಲ್ಲಿ ವಾಷಿಂಗ್ಟನ್ ತಂಡಕ್ಕೆ ವೃತ್ತಿಪರ ಫುಟ್‌ಬಾಲ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದುಕೊಟ್ಟು, ಪಂದ್ಯದ ಶ್ರೇಷ್ಠ ಆಟಗಾರನೆಂಬ ಗೌರವವನ್ನೂ ಪಡೆದರು. ರಾಬಿನ್ಸನ್ನರ ಕೈಯಲ್ಲಿ ಕಲಿತು ವೃತ್ತಿಪರ ಆಟಕ್ಕೆ ಹೋದವರು 200ಕ್ಕೂ ಹೆಚ್ಚು. ಹಾಗೆಂದು ಓದಿನಲ್ಲಿ ರಿಯಾಯಿತಿ ಇರಲಿಲ್ಲ: ಬೆಳಿಗ್ಗೆ ಹಾಸ್ಟೆಲಿನಲ್ಲಿ ಹಸುವಿನ ಕೊರಳ ಗಂಟೆ ಬಾರಿಸಿ ಎಬ್ಬಿಸಿ, ಹುಡುಗರನ್ನು ತರಗತಿಗೆ ಅಟ್ಟುತ್ತಿದ್ದರು.

ಕೊನೆಯ ವರ್ಷಗಳು ಕಷ್ಟದವು. ವರ್ಣಭೇದ ಸಡಿಲವಾದಂತೆ ಪ್ರತಿಭಾವಂತ ಕಪ್ಪು ಆಟಗಾರರಿಗೆ ದೊಡ್ಡ ವಿಶ್ವವಿದ್ಯಾಲಯಗಳ ಬಾಗಿಲು ತೆರೆಯಿತು. ಅದು ನ್ಯಾಯವೇ ಆದರೂ ಗ್ರ್ಯಾಂಬ್ಲಿಂಗ್‌ನಂಥ ಕಾಲೇಜುಗಳಿಗೆ ನಷ್ಟವಾಯಿತು. ಸತತ ಸೋಲುಗಳ ನಡುವೆ 1997ರಲ್ಲಿ ಅವರು ನಿವೃತ್ತರಾದಾಗ, ಆ ಸ್ಥಾನಕ್ಕೆ ಬಂದವರು ಡಗ್ ವಿಲಿಯಮ್ಸ್.