ಕಣ್ಣಿಗೆ ಒಂದೇ ಆಗಿ ಕಾಣುವ ಕಪ್ಪೆಗಳು ಎರಡು ಪ್ರಭೇದಗಳಾಗುವುದು ಹೇಗೆ?

ನೀವು ಎರಡು ವಿಷಯಗಳನ್ನು ಕೇಳಿದ್ದೀರಿ. ತೋಟದ ಹಳ್ಳದಲ್ಲಿ ಸಿಗುವ, ನೋಡಲು ಒಂದೇ ತೆರನಾದ ಕಪ್ಪೆಗಳನ್ನು ವಿಜ್ಞಾನಿಗಳು ಯಾವ ಆಧಾರದ ಮೇಲೆ ಬೇರೆ ಬೇರೆ ಪ್ರಭೇದಗಳೆಂದು ಹೇಳುತ್ತಾರೆ ಎಂಬುದು ಮೊದಲನೆಯದು. ನೀವು ಓದುವ ಕಾಲಕ್ಕೆ ಬ್ಯುಫೊ ಮೆಲನೊಸ್ಟಿಕ್ಟಸ್ ಎಂದಿದ್ದ ನೆಲಗಪ್ಪೆ ಈಗ ಮಗಳ ಪುಸ್ತಕದಲ್ಲಿ ಡಟ್ಟಾಫ್ರೈನಸ್ ಮೆಲನೊಸ್ಟಿಕ್ಟಸ್ ಆಗಿದೆ, ಹೀಗೆ ಮನಸ್ಸಿಗೆ ಬಂದಂತೆ ಹೆಸರು ಬದಲಿಸುವುದಾದರೆ ಈ ವರ್ಗೀಕರಣವನ್ನು ನಂಬುವುದು ಹೇಗೆ ಎಂಬುದು ಎರಡನೆಯದು. ನಾನು ಜೀವಶಾಸ್ತ್ರ ಕಲಿಸುವವನು. ಹಲವು ವರ್ಷಗಳಿಂದ ಮಳೆಗಾಲದ ರಾತ್ರಿಗಳಲ್ಲಿ ಉತ್ತರ ಕನ್ನಡದ ಹಳ್ಳಗಳ ಬದಿಯಲ್ಲಿ ಕಪ್ಪೆಗಳನ್ನು ನೋಡುತ್ತ, ಅವುಗಳ ಕೂಗನ್ನು ಬರೆದಿಡುತ್ತ ಬಂದಿದ್ದೇನೆ. ಆ ಅನುಭವದ ಬಲದಿಂದ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ.

ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಿಂದ ಆರಂಭಿಸೋಣ. ಶರಾವತಿ ಕೊಳ್ಳದ ಈ ಕಾಡಿನಲ್ಲಿ ರಾಮಪತ್ರೆ ಜಡ್ಡಿಗಳಿವೆ, ಅಂದರೆ ರಾಮಪತ್ರೆ ಮರಗಳು ಬೆಳೆದ ಜೌಗು ನೆಲಗಳಿವೆ. ಮರಗಳ ಬೇರುಗಳು ಕೆಸರಿನಿಂದ ಮೇಲಕ್ಕೆದ್ದು, ಮಡಿಸಿದ ಮೊಣಕಾಲಿನಂತೆ ಬಾಗಿ, ಮತ್ತೆ ಕೆಸರಿಗೇ ಇಳಿದಿರುತ್ತವೆ. ಇಂಥ ಜಾಗಗಳಲ್ಲಿ ಹರಿಯುವ ಸಣ್ಣ ತೊರೆಗಳ ಅಂಚಿನಲ್ಲಿ ಸುಕ್ಕು ಚರ್ಮದ, ಕಂದು ಬಣ್ಣದ, ಹಗಲು ಹೊತ್ತಿನಲ್ಲಿ ಸುಲಭಕ್ಕೆ ಕಣ್ಣಿಗೆ ಬೀಳದ ಕಪ್ಪೆಗಳಿರುತ್ತವೆ. ಟಾರ್ಚಿನ ಬೆಳಕಿನಲ್ಲಿ ಹತ್ತಿರದಿಂದ ನೋಡಿದರೆ ಅವುಗಳ ಕಣ್ಣಿನ ಪಾಪೆ ವಜ್ರಾಕೃತಿಯಲ್ಲಿ ಕಾಣುತ್ತದೆ. ಇವು ನಿಕ್ಟಿಬ್ಯಾಟ್ರಕಸ್ ಎಂಬ ಕುಲಕ್ಕೆ, ಅಂದರೆ ಹತ್ತಿರದ ನಂಟಿನ ಪ್ರಭೇದಗಳ ಗುಂಪಿಗೆ, ಸೇರಿದ ಇರುಳುಗಪ್ಪೆಗಳು. ಪಶ್ಚಿಮ ಘಟ್ಟವನ್ನು ಬಿಟ್ಟರೆ ಈ ಕುಲ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ನನ್ನ ಹಳೆಯ ಟಿಪ್ಪಣಿ ಪುಸ್ತಕಗಳಲ್ಲಿ ಇವೆಲ್ಲವೂ 'ಇರುಳುಗಪ್ಪೆ' ಎಂಬ ಒಂದೇ ಪದದ ಕೆಳಗೆ ಇದ್ದವು, ಏಕೆಂದರೆ ಅವುಗಳಲ್ಲಿ ಬೇರೆ ಬೇರೆ ಬಗೆಗಳಿರಬಹುದೆಂದು ಅನುಮಾನಿಸಲು ನನ್ನ ಕಣ್ಣಿಗೆ ಕಾರಣವೇ ಸಿಕ್ಕಿರಲಿಲ್ಲ.

2014ರಲ್ಲಿ ಕೆ.ವಿ. ಗುರುರಾಜ, ಕೆ.ಪಿ. ದಿನೇಶ್, ಎಚ್. ಪ್ರೀತಿ ಮತ್ತು ಜಿ. ರವಿಕಾಂತ್ ಅವರು ಇಂಥ ಕಪ್ಪೆಗಳಲ್ಲಿ ಒಂದನ್ನು ಹೊಸ ಪ್ರಭೇದವೆಂದು ವಿವರಿಸಿ ನಿಕ್ಟಿಬ್ಯಾಟ್ರಕಸ್ ಕುಂಬಾರ ಎಂದು ಹೆಸರಿಟ್ಟರು. ಲ್ಯಾಟಿನ್ ರೂಢಿಯ ಹೆಸರಿನ ಪಕ್ಕದಲ್ಲಿ ನಮ್ಮ ಕುಂಬಾರ ಬಂದು ಕುಳಿತದ್ದಕ್ಕೆ ಕಾರಣವಿದೆ. ಹೆಣ್ಣು ಕಪ್ಪೆ ನೀರಿನ ಮೇಲಿನ ಕಡ್ಡಿ ಅಥವಾ ಬಂಡೆಯ ಬದಿಗೆ ಮೊಟ್ಟೆಗಳನ್ನು ಅಂಟಿಸಿದ ನಂತರ, ಗಂಡು ತೊರೆಯ ತಳದಿಂದ ಮುಂಗೈಗಳಲ್ಲಿ ಕೆಸರನ್ನು ಬಾಚಿಕೊಂಡು, ಹಿಂಗಾಲುಗಳ ಮೇಲೆ ಎದ್ದು ನಿಂತು, ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಟಾರ್ಚಿಗೆ ಕೆಂಪು ಕಾಗದ ಸುತ್ತಿ, ಕಾಲಿಗೆ ಹತ್ತಿದ ಉಂಬಳಗಳನ್ನೂ ಕೀಳದೆ, ಉಸಿರು ಬಿಗಿಹಿಡಿದು ಇದನ್ನು ನೋಡಿದ ರಾತ್ರಿ ನನಗೆ ಇಂದಿಗೂ ನಿನ್ನೆಯಂತಿದೆ. ಹೆಬ್ಬೆರಳಿನಷ್ಟು ದೊಡ್ಡದಾದ ಪ್ರಾಣಿಯೊಂದು ಒಂದು ಹಿಡಿ ಕೆಸರು ಹಚ್ಚುವುದು, ಬಗ್ಗಿ ಮತ್ತೆ ಬಾಚುವುದು, ಮತ್ತೆ ಎದ್ದು ಹಚ್ಚುವುದು. ಕೊನೆಗೆ ಮೊಟ್ಟೆಗಳೇ ಕಾಣದೆ ಒದ್ದೆ ಮಣ್ಣಿನ ಗಂಟೊಂದು ಕಡ್ಡಿಗೆ ಅಂಟಿಕೊಂಡಂತೆ ಉಳಿಯಿತು. ಈ ಲೇಪ ಮೊಟ್ಟೆಗಳು ಒಣಗದಂತೆಯೂ ಬೇಟೆಗಾರ ಜೀವಿಗಳ ಕಣ್ಣಿಗೆ ಬೀಳದಂತೆಯೂ ಕಾಯುತ್ತಿರಬೇಕು ಎಂಬುದು ಸಂಶೋಧಕರ ಊಹೆ.

ಆದರೆ ಮಣ್ಣು ಮೆತ್ತುವ ಕಪ್ಪೆ ಎಂಬ ಒಂದೇ ಕಾರಣಕ್ಕೆ ಅದು ಹೊಸ ಪ್ರಭೇದವಾಗಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಪ್ರಭೇದವೊಂದನ್ನು ಘೋಷಿಸುವುದೆಂದರೆ, 'ಈ ಜೀವಿಗಳ ಗುಂಪು ತನ್ನದೇ ಆದ ವಂಶಧಾರೆಯಲ್ಲಿ ಬಹುಕಾಲದಿಂದ ಪ್ರತ್ಯೇಕವಾಗಿ ಹರಿದು ಬಂದಿದೆ' ಎಂಬ ಪ್ರತಿಪಾದನೆಯನ್ನು ಎಲ್ಲರ ಪರೀಕ್ಷೆಗೆ ಒಡ್ಡುವುದು. ಅದಕ್ಕೆ ಒಂದಕ್ಕಿಂತ ಹೆಚ್ಚು ಸಾಕ್ಷಿಗಳು, ಅವೂ ಒಂದನ್ನೊಂದು ಅವಲಂಬಿಸದ ಸಾಕ್ಷಿಗಳು ಬೇಕು. ತಲೆಯ ಉದ್ದಗಲ, ಕಣ್ಣಿನಿಂದ ಮೂಗಿನ ಹೊಳ್ಳೆಗೆ ಇರುವ ದೂರ, ತೊಡೆಯ ಉದ್ದ, ಬೆರಳ ತುದಿಯ ಬಿಲ್ಲೆಯ ಅಗಲ, ಕಾಲ್ಬೆರಳುಗಳ ನಡುವಿನ ಜಾಲಪೊರೆ ಎಲ್ಲಿಯವರೆಗೆ ಬಂದಿದೆ ಎಂಬ ವಿವರ, ಇವನ್ನೆಲ್ಲ ಅಳೆದು ಹತ್ತಿರದ ಪ್ರಭೇದಗಳ ಅಳತೆಗಳ ಪಕ್ಕದಲ್ಲಿಟ್ಟು ನೋಡುತ್ತಾರೆ. ಕೂಗನ್ನು ಧ್ವನಿಮುದ್ರಿಸಿ ಅದರ ಆವರ್ತನ, ಸ್ಪಂದನಗಳ ಸಂಖ್ಯೆ, ಅವುಗಳ ನಡುವಿನ ಅಂತರಗಳನ್ನು ಲೆಕ್ಕ ಹಾಕುತ್ತಾರೆ. ಜೊತೆಗೆ ಗಾಳಿಯ ಉಷ್ಣಾಂಶವನ್ನೂ ಬರೆದುಕೊಳ್ಳಬೇಕು, ಏಕೆಂದರೆ ಚಳಿಯಲ್ಲಿ ಅದೇ ಕಪ್ಪೆ ನಿಧಾನವಾಗಿ ಕೂಗುತ್ತದೆ ಮತ್ತು ಆ ವ್ಯತ್ಯಾಸವನ್ನೇ ಪ್ರಭೇದದ ವ್ಯತ್ಯಾಸವೆಂದು ಭ್ರಮಿಸುವ ಅಪಾಯವಿದೆ. ಮೂರನೆಯದಾಗಿ ಅಂಗಾಂಶದ ಚೂರಿನಿಂದ ಡಿಎನ್‌ಎ ತೆಗೆದು ಹೋಲಿಸುತ್ತಾರೆ. ಕಪ್ಪೆಗಳಲ್ಲಿ ಜೀವಕೋಶದೊಳಗಿನ ಮೈಟೊಕಾಂಡ್ರಿಯ ಎಂಬ ಭಾಗದ 16ಎಸ್ ಎಂಬ ಜೀನ್ ಹೆಚ್ಚಾಗಿ ಬಳಕೆಯಲ್ಲಿದೆ; ಅದರಲ್ಲಿ ಸುಮಾರು ಶೇಕಡಾ 3ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಇನ್ನಷ್ಟು ಕೆದಕಿ ನೋಡಬೇಕೆಂಬ ಸೂಚನೆ ಅದು. ಅದನ್ನು ಸೂಚನೆ ಎಂದಷ್ಟೇ ತೆಗೆದುಕೊಳ್ಳಬೇಕು, ತೀರ್ಪು ಎಂದಲ್ಲ. ಈ ಅಂಕಿಯನ್ನು ತಕ್ಕಡಿಯಂತೆ ಬಳಸುವ ಬರಹಗಳನ್ನು ಕಂಡಾಗ ನನಗೆ ಬೇಸರವಾಗುತ್ತದೆ.

ಇವುಗಳಲ್ಲಿ ಕೂಗಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ನಮ್ಮ ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಗಂಡು ಕಪ್ಪೆಗಳು ಹೆಣ್ಣಿನ ಕಿವಿಗೆ ಒಂದೇ ಅಲ್ಲ. ಕತ್ತಲಲ್ಲಿ, ಮಳೆಯ ಸದ್ದಿನಲ್ಲಿ, ಹತ್ತಾರು ಬಗೆಯ ಕಪ್ಪೆಗಳು ಒಟ್ಟಿಗೆ ವಟಗುಟ್ಟುವಾಗ ಹೆಣ್ಣು ತನ್ನ ಬಗೆಯ ಗಂಡನ್ನು ಕೂಗಿನಿಂದಲೇ ಗುರುತಿಸಿ ಹೋಗುತ್ತದೆ. ತಮ್ಮತಮ್ಮೊಳಗೆ ಸಂತಾನ ಪಡೆಯುವ, ಇತರ ಗುಂಪುಗಳೊಡನೆ ಬೆರೆಯದ ಜೀವಿಸಮೂಹವೇ ಪ್ರಭೇದ ಎಂದು 1942ರಲ್ಲಿ ಜೀವವಿಜ್ಞಾನಿ ಅರ್ನ್ಸ್ಟ್ ಮಯರ್ ಕೊಟ್ಟ ವ್ಯಾಖ್ಯೆ ಇಲ್ಲಿ ನೇರವಾಗಿ ಹೊಂದುತ್ತದೆ: ಗೆರೆ ಎಳೆದದ್ದು ವಿಜ್ಞಾನಿಯಲ್ಲ, ಕಪ್ಪೆಯೇ. ಆ ವ್ಯಾಖ್ಯೆ ಎಲ್ಲೆಡೆ ಸಾಕಾಗುವುದಿಲ್ಲ ಎಂಬುದೂ ನಿಜ. ಪಳೆಯುಳಿಕೆಗಳು ಕೂಡುವುದನ್ನು ಯಾರೂ ನೋಡಲಾರರು, ಬ್ಯಾಕ್ಟೀರಿಯಗಳಿಗೆ ಗಂಡು ಹೆಣ್ಣೆಂಬುದಿಲ್ಲ, ನಡುವೆ ಕಣಿವೆ ಬಂದು ಎರಡು ಬೆಟ್ಟಗಳಲ್ಲಿ ಬೇರೆಯಾಗಿ ಉಳಿದ ಕಪ್ಪೆಗಳು ಎದುರುಬದುರಾದರೆ ಕೂಡುತ್ತವೆಯೋ ಇಲ್ಲವೋ ತಿಳಿಯುವಂತಿಲ್ಲ. ಅಂಥ ಕಡೆ ಅಳತೆ ಮತ್ತು ಡಿಎನ್‌ಎ ಸಾಕ್ಷಿಗಳ ಭಾರ ಹೆಚ್ಚುತ್ತದೆ, ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯವೂ ಹೆಚ್ಚುತ್ತದೆ.

ಸಾಕ್ಷಿಗಳೆಲ್ಲ ಸೇರಿದ ಮೇಲೆ ಒಂದು ಮಾದರಿಯನ್ನು ಮೂಲ ಮಾದರಿಯೆಂದು ಗೊತ್ತುಪಡಿಸಿ ಸಂಗ್ರಹಾಲಯದಲ್ಲಿ ಇಡುತ್ತಾರೆ. ಹೆಸರು ಆ ಒಂದು ಮಾದರಿಗೆ ಕಟ್ಟಿಹಾಕಿದಂತೆ. ಮುಂದೆ ಯಾರಿಗಾದರೂ ಸಂಶಯ ಬಂದರೆ ಅದನ್ನೇ ತೆಗೆದು ಮತ್ತೆ ಅಳೆಯಬಹುದು. ಕಪ್ಪೆಯನ್ನು ಕೊಂದು ಸೀಸೆಯಲ್ಲಿಡುವುದು ನನಗೂ ಇಷ್ಟದ ಸಂಗತಿಯಲ್ಲ, ಆದರೆ ನೂರು ವರ್ಷದ ನಂತರದ ಪ್ರಶ್ನೆಗೆ ಉತ್ತರಿಸಬಲ್ಲದ್ದು ಆ ಸೀಸೆಯೇ ಎಂಬುದನ್ನು ಒಪ್ಪಲೇಬೇಕು.

ಈಗ ಕುಲ, ಕುಟುಂಬಗಳ ವಿಷಯ. ಕೆಲವು ಕನ್ನಡ ಪಠ್ಯಗಳು ಕುಲವನ್ನು ಜಾತಿ ಎನ್ನುತ್ತವೆ. ಆಡುಮಾತಿನಲ್ಲಿ ಜಾತಿ ಎಂಬುದು ಪ್ರಭೇದಕ್ಕೂ ಸಲ್ಲುವುದರಿಂದ ನಾನು ಕುಲ ಎಂಬ ಪದವನ್ನೇ ಬಳಸುತ್ತೇನೆ. ಇದಕ್ಕೆ ಗೇರಿನ ಉದಾಹರಣೆ ಚೆನ್ನಾಗಿ ಒದಗುತ್ತದೆ. ಮಡಿವಾಳರು ಹಿಂದೆ ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಗುಡ್ಡೆಗೇರಿನ ಶಾಸ್ತ್ರೀಯ ಹೆಸರು ಸೆಮೆಕಾರ್ಪಸ್ ಅನಕಾರ್ಡಿಯಮ್. ಸೆಮೆಕಾರ್ಪಸ್ ಎಂದರೆ ಗ್ರೀಕ್ ಮೂಲದಲ್ಲಿ ಗುರುತಿನ ಕಾಯಿ ಎಂದೇ ಅರ್ಥ. ನಾನು ಮೇಲೆ ಹೇಳಿದ ಕತ್ತಲೆಕಾನಿನ ಜೌಗಿನಲ್ಲೇ ಈ ಕುಲದ ಇನ್ನೊಂದು ಮರ ಸಿಕ್ಕಿ, 2000ದಲ್ಲಿ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಹೆಸರು ಪಡೆಯಿತು. ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದ ಗೋಡಂಬಿ ಮರದ ಕುಲ ಬೇರೆ, ಮಾವಿನ ಕುಲವೂ ಬೇರೆ, ಆದರೆ ಇವೆಲ್ಲ ಸೇರುವುದು ಅನಕಾರ್ಡಿಯೇಸಿ ಎಂಬ ಒಂದೇ ಕುಟುಂಬಕ್ಕೆ. ಮಾವಿನ ಸೊನೆ ತುಟಿ ಸುಡುತ್ತದೆ, ಹಸಿ ಗೋಡಂಬಿಯ ಸಿಪ್ಪೆಯ ಎಣ್ಣೆ ಕೈ ಸುಡುತ್ತದೆ, ಗುಡ್ಡೆಗೇರಿನ ರಸ ಮೈಯಲ್ಲಿ ಬೊಕ್ಕೆ ಎಬ್ಬಿಸುತ್ತದೆ. ಈ ಮೂರರಲ್ಲೂ ಚರ್ಮವನ್ನು ಕೆರಳಿಸುವ ಫಿನಾಲ್ ಗುಂಪಿನ ರಾಸಾಯನಿಕಗಳಿವೆ. ದೂರದೇಶದಿಂದ ಬಂದ ಮರಕ್ಕೂ ಕರಾವಳಿಯ ಜನ ಗೇರು ಎಂದೇ ಹೆಸರಿಟ್ಟದ್ದು ನನಗೆ ಬಹಳ ಅಚ್ಚರಿಯ, ಹೆಮ್ಮೆಯ ಸಂಗತಿ. ಸೂಕ್ಷ್ಮದರ್ಶಕವಿಲ್ಲದೆಯೇ ಅವರು ನಂಟನ್ನು ಸರಿಯಾಗಿ ಗುರುತಿಸಿದ್ದರು.

ಆದರೆ ಹೊರನೋಟ ಯಾವಾಗಲೂ ಹೀಗೆ ಕೈಹಿಡಿಯುವುದಿಲ್ಲ. ಅಡಿಕೆ ತೋಟದಲ್ಲಿ ಮಣ್ಣು ಅಗೆಯುವಾಗ ದೊಡ್ಡ ಎರೆಹುಳುವಿನಂಥ, ಕಾಲಿಲ್ಲದ, ನುಣುಪಾದ ಪ್ರಾಣಿಯೊಂದು ಸಿಗುತ್ತದೆ. ಹಾವಿನ ಮರಿ ಎಂದು ಅದನ್ನು ಹೊಡೆದು ಹಾಕಿದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅದು ಹಾವೂ ಅಲ್ಲ, ಹುಳುವೂ ಅಲ್ಲ. ಸಿಸಿಲಿಯನ್ ಎಂಬ ಉಭಯವಾಸಿ, ಕಪ್ಪೆಗಳ ವರ್ಗಕ್ಕೇ ಸೇರಿದ್ದು. ಇಂದಿನ ವರ್ಗೀಕರಣ ಕೇಳುವುದು 'ನೋಡಲು ಯಾವುದರಂತಿದೆ' ಎಂದಲ್ಲ, 'ಯಾವ ಪೂರ್ವಜರಿಂದ ಬಂದಿದೆ' ಎಂದು.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಪ್ರಾಣಿಗಳ ಎರಡು ಪದದ ಹೆಸರುಗಳಿಗೆ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್‌ನ 'ಸಿಸ್ಟಮಾ ನ್ಯಾಚುರೇ' ಎಂಬ ಪುಸ್ತಕದ 1758ರ ಆವೃತ್ತಿಯನ್ನು ಆರಂಭಬಿಂದುವೆಂದು ಒಪ್ಪಲಾಗಿದೆ. ನಮ್ಮ ನೆಲಗಪ್ಪೆಗೆ 1799ರಲ್ಲಿ ಶ್ನೈಡರ್ ಎಂಬ ವಿದ್ವಾಂಸ ಮೆಲನೊಸ್ಟಿಕ್ಟಸ್, ಅಂದರೆ ಕಪ್ಪು ಚುಕ್ಕೆಯದು, ಎಂದು ಹೆಸರಿಟ್ಟ. ಅದರ ಬೆನ್ನಿನ ಗಂಟುಗಳ ಕರಿ ತುದಿಗಳನ್ನು ನೀವು ನಿಮ್ಮ ಅಂಗಳದಲ್ಲೇ ನೋಡಬಹುದು. ಬ್ಯುಫೊ ಎಂಬುದು ಆಗ ಜಗತ್ತಿನ ನಾನಾ ಭಾಗಗಳ ಒರಟು ಚರ್ಮದ ಕಪ್ಪೆಗಳನ್ನೆಲ್ಲ ತುಂಬಿದ್ದ ದೊಡ್ಡ ಕುಲ. ಡಿಎನ್‌ಎ ಆಧಾರದಿಂದ ವಂಶವೃಕ್ಷ ಕಟ್ಟಿ ನೋಡಿದಾಗ, ಬೇರೆ ಕುಲಗಳೆಂದು ಕರೆಯುತ್ತಿದ್ದ ಕೆಲವು ಕಪ್ಪೆಗಳು ಆ ಬ್ಯುಫೊ ಗುಂಪಿನ ನಡುವಿನಿಂದಲೇ ಕವಲೊಡೆದಿದ್ದವು. ಒಂದು ಮನೆಯ ಅಣ್ಣತಮ್ಮಂದಿರಲ್ಲಿ ಇಬ್ಬರಿಗೆ ಮನೆತನದ ಹೆಸರನ್ನೇ ಬಿಡಿಸಿ, ದೂರದವರನ್ನು ಆ ಹೆಸರಿನಿಂದ ಕರೆದಂತಾಗಿತ್ತು. ಅದನ್ನು ಸರಿಪಡಿಸಲು 2006ರಲ್ಲಿ ಕುಲವನ್ನು ಒಡೆದರು, ನಮ್ಮ ಕಡೆಯ ಗುಂಪಿಗೆ ಭಾರತದ ಉಭಯವಾಸಿ ತಜ್ಞ ಸುಶೀಲ್ ಕುಮಾರ್ ದತ್ತ ಅವರ ಗೌರವಾರ್ಥ ಡಟ್ಟಾಫ್ರೈನಸ್ ಎಂಬ ಹೆಸರು ಬಂತು. ಬದಲಾದದ್ದು ಕುಲದ ಹೆಸರು ಮಾತ್ರ. 1799ರ ಮೆಲನೊಸ್ಟಿಕ್ಟಸ್ ಹಾಗೆಯೇ ಉಳಿಯಿತು, ಉಳಿಸಬೇಕೆಂಬುದು ನಿಯಮ. ಗೂಳಿಗಪ್ಪೆಯೂ ಇದೇ ರೀತಿ ರಾನಾ ಟೈಗರೀನಾದಿಂದ ಹಾಪ್ಲೊಬ್ಯಾಟ್ರಕಸ್ ಟೈಗರೀನಸ್ ಆಯಿತು. ರಾನಾ ಸ್ತ್ರೀಲಿಂಗ, ಹೊಸ ಕುಲನಾಮ ಪುಲ್ಲಿಂಗ, ಆದ್ದರಿಂದ ಕೊನೆಯ ಅಕ್ಷರವೂ ಅದಕ್ಕೆ ಹೊಂದಿಕೊಂಡಿತು.

ಹಾಗಾದರೆ ಇದರಲ್ಲಿ ಮನಸ್ಸಿಗೆ ಬಂದಂತೆ ಮಾಡಿದ್ದು ಏನೂ ಇಲ್ಲವೇ ಎಂದರೆ, ಇದೆ. ಯಾವ ಕವಲನ್ನು ಕುಲವೆನ್ನಬೇಕು, ಯಾವುದನ್ನು ಕುಟುಂಬವೆನ್ನಬೇಕು ಎಂಬ ಮೆಟ್ಟಿಲುಗಳ ಎತ್ತರ ಮನುಷ್ಯರ ಅನುಕೂಲಕ್ಕೆ ಮಾಡಿಕೊಂಡ ಒಪ್ಪಂದ. ಯಾರು ಯಾರಿಗೆ ಹತ್ತಿರದ ನಂಟರು ಎಂಬುದು ಒಪ್ಪಂದವಲ್ಲ, ಅದು ನಡೆದುಹೋದ ಚರಿತ್ರೆ.

ಹೊಸ ಪ್ರಭೇದಗಳ ಘೋಷಣೆ ಕೇವಲ ಕೀರ್ತಿಗಾಗಿ ನಡೆಯುತ್ತಿದೆ ಎಂಬ ಧ್ವನಿ ನಿಮ್ಮ ಬರಹದಲ್ಲಿತ್ತು. ಅದರ ಪ್ರಯೋಜನ ಕೀರ್ತಿಗಿಂತ ದೊಡ್ಡದು. 2011ರಲ್ಲಿ ಎಸ್.ಡಿ. ಬಿಜು ಮತ್ತು ಸಂಗಡಿಗರು ಇರುಳುಗಪ್ಪೆಗಳ ಒಂದೇ ಪ್ರಬಂಧದಲ್ಲಿ 12 ಹೊಸ ಪ್ರಭೇದಗಳನ್ನು ವಿವರಿಸಿದರು. ಅವುಗಳಲ್ಲಿ ಒಂದಕ್ಕೆ ಜೋಗದ ಹೆಸರಿದೆ. ಘಟ್ಟದ ಉದ್ದಕ್ಕೂ ಹರಡಿದೆ ಎಂದುಕೊಂಡ ಒಂದು ಕಪ್ಪೆ ವಾಸ್ತವದಲ್ಲಿ ನಾಲ್ಕಾಗಿದ್ದರೆ, ಪ್ರತಿಯೊಂದರ ನೆಲೆಯೂ ಕೆಲವೇ ತೊರೆಗಳಷ್ಟು ಚಿಕ್ಕದಾಗಿರಬಹುದು, ಒಂದು ತೊರೆಗೆ ಮಣ್ಣು ತುಂಬಿದರೆ ಆ ಬಗೆಯೇ ಅಳಿಯಬಹುದು. 2023ರ ಜಾಗತಿಕ ಮೌಲ್ಯಮಾಪನದ ಪ್ರಕಾರ ಉಭಯವಾಸಿ ಪ್ರಭೇದಗಳಲ್ಲಿ ಸುಮಾರು ಶೇಕಡಾ 41ರಷ್ಟು ಅಳಿವಿನ ಭೀತಿಯಲ್ಲಿವೆ. ಹೆಸರಿಲ್ಲದ ಪ್ರಾಣಿ ಆ ಪಟ್ಟಿಗೆ ಸೇರುವುದೇ ಇಲ್ಲ, ಕಾಡು ಕಡಿಯುವ ಮುನ್ನ ನಡೆಯುವ ಪರಿಶೀಲನೆಯ ಕಡತದಲ್ಲೂ ಅದು ಕಾಣಿಸುವುದಿಲ್ಲ.

ಮಗಳು ಪರೀಕ್ಷೆಯಲ್ಲಿ ಯಾವ ಹೆಸರು ಬರೆಯಬೇಕು ಎಂದೂ ಕೇಳಿದ್ದಿರಿ. ಡಟ್ಟಾಫ್ರೈನಸ್ ಮೆಲನೊಸ್ಟಿಕ್ಟಸ್ ಎಂದೇ ಬರೆಯಲಿ. ದೊಡ್ಡ ಪುಸ್ತಕಗಳಲ್ಲಿ ಆ ಹೆಸರಿನ ಮುಂದೆ ಶ್ನೈಡರ್, 1799 ಎಂಬುದನ್ನು ಆವರಣ ಚಿಹ್ನೆಯೊಳಗೆ ಇಟ್ಟಿರುವುದನ್ನು ಅವಳಿಗೆ ತೋರಿಸಿ. ಹೆಸರಿಟ್ಟವನು ಅದನ್ನು ಬೇರೊಂದು ಕುಲದಲ್ಲಿ ಇರಿಸಿದ್ದ, ನಂತರ ಯಾರೋ ಅದನ್ನು ಇಲ್ಲಿಗೆ ತಂದರು ಎಂಬುದಕ್ಕೆ ಆ ಎರಡು ಬಾಗಿದ ಗೆರೆಗಳೇ ಗುರುತು.