ಸಂಪಾದಕರ ಉತ್ತರ: ‘ಕಾನ್‌ಸ್ಟಂಟ್ಲಿ’ ಎಂದರೆ ಸ್ಥಿರವಾಗಿಯೇ?

ಮಾನ್ಯರೇ,

‘ಕಾನ್‌ಸ್ಟಂಟ್’ ಎಂದರೆ ಬದಲಾಗದ್ದು ಎಂದು ವಿಜ್ಞಾನದ ತರಗತಿಯಲ್ಲಿ ತಾವು ಕಲಿಸಿದ ಮೇಲೆ, ಇಂಗ್ಲಿಷ್ ಪಾಠದಲ್ಲಿ ‘ಕಾನ್‌ಸ್ಟಂಟ್ಲಿ ಚೇಂಜಿಂಗ್’ ಎಂಬ ಪ್ರಯೋಗವನ್ನು ಕಂಡ ವಿದ್ಯಾರ್ಥಿನಿಯೊಬ್ಬಳು ‘ಸ್ಥಿರವಾಗಿ ಬದಲಾಗುವುದು ಹೇಗೆ?’ ಎಂದು ಕೇಳಿದಳೆಂದು ಬರೆದಿದ್ದೀರಿ. ಅವಳ ತಕರಾರಿನಲ್ಲಿ ಹುರುಳಿದೆ. ಆ ಪದದ ಮೂಲದಲ್ಲಿರುವುದು ‘ನಿಲ್ಲು’ ಎಂಬ ಅರ್ಥದ ಲ್ಯಾಟಿನ್ ಧಾತು. ನಮ್ಮ ‘ಸ್ಥಿರ’ಕ್ಕೆ ಮೂಲವಾದ ಸಂಸ್ಕೃತದ ‘ಸ್ಥಾ’ ಧಾತು ಅದರ ಸಹೋದರಿ.

ಹಳೆಯ ಇಂಗ್ಲಿಷಿನಲ್ಲಿ ಈ ಅರ್ಥವೇ ಮುಂದಿತ್ತು. 1611ರ ಇಂಗ್ಲಿಷ್ ಬೈಬಲಿನ ಅಪೊಸ್ತಲರ ಕೃತ್ಯಗಳಲ್ಲಿ, ಸೆರೆಯಿಂದ ಬಿಡುಗಡೆಯಾದ ಪೇತ್ರನು ಬಾಗಿಲಲ್ಲಿ ನಿಂತಿದ್ದಾನೆಂದು ಸೇವಕಿ ತಿಳಿಸಿದಾಗ ಮನೆಯವರು ಅವಳಿಗೆ ಹುಚ್ಚೆನ್ನುತ್ತಾರೆ. ಆಗ ಅವಳು ‘ಕಾನ್‌ಸ್ಟಂಟ್ಲಿ’ ಹೇಳಿದಳೆಂದಿದೆ. ಅದರ ತಾತ್ಪರ್ಯ, ಅವಳು ಪಟ್ಟುಬಿಡದೆ ಹೇಳಿದಳು ಎಂದು. ಇಂದಿನ ಓದುಗ ಅದನ್ನು ‘ಮತ್ತೆ ಮತ್ತೆ ಹೇಳಿದಳು’ ಎಂದಷ್ಟೇ ಓದಿಕೊಳ್ಳುವ ಸಂಭವವಿದೆ. ಏಕೆಂದರೆ ಈಗ ಈ ಪದವು ವಸ್ತುವಿನ ಅಚಲತೆಯನ್ನು ಹೇಳದೆ, ಕ್ರಿಯೆ ಎಡೆಬಿಡದೆ ನಡೆಯುವುದನ್ನೋ ಪದೇ ಪದೇ ಮರುಕಳಿಸುವುದನ್ನೋ ಹೇಳುತ್ತದೆ.

ತಮ್ಮ ವಿಷಯದಿಂದಲೇ ಒಂದು ಉದಾಹರಣೆ ಕೊಡಬಹುದು. ಭೂಮಿಯು ಸೂರ್ಯನ ಸುತ್ತ ‘ಕಾನ್‌ಸ್ಟಂಟ್ಲಿ’ ಚಲಿಸುತ್ತದೆ ಎಂಬುದು ನಿಜ. ‘ಕಾನ್‌ಸ್ಟಂಟ್’ ವೇಗದಲ್ಲಿ ಚಲಿಸುತ್ತದೆ ಎಂಬುದು ತಪ್ಪು. ಸೂರ್ಯನಿಗೆ ಅತಿ ಸಮೀಪವಿರುವ ಜನವರಿಯ ಮೊದಲ ವಾರದಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 30.3 ಕಿ.ಮೀ., ಅತಿ ದೂರವಿರುವ ಜುಲೈ ಆರಂಭದಲ್ಲಿ ಸುಮಾರು 29.3 ಕಿ.ಮೀ. ಚಲನೆಗೆ ಬಿಡುವಿಲ್ಲ, ವೇಗಕ್ಕೆ ಸ್ಥಿರತೆಯಿಲ್ಲ. ಆದ್ದರಿಂದ ಗುಣವಾಚಕವನ್ನು ‘ಸ್ಥಿರ’ ಎಂದೂ ಕ್ರಿಯಾವಿಶೇಷಣವನ್ನು ‘ಸತತವಾಗಿ’, ‘ನಿರಂತರವಾಗಿ’ ಅಥವಾ ಸಂದರ್ಭಕ್ಕೆ ತಕ್ಕಂತೆ ‘ಪದೇ ಪದೇ’ ಎಂದೂ ಹೇಳಿಕೊಡುವುದು ಲೇಸು. ನಿಘಂಟುಗಳು ಎರಡಕ್ಕೂ ಒಂದೇ ಅರ್ಥವನ್ನು ಅಂಟಿಸಿಬಿಟ್ಟರೆ ಮಕ್ಕಳನ್ನು ದೂರಿ ಫಲವಿಲ್ಲ.

ತಾವು ಕೇಳದ ಇನ್ನೊಂದು ಸೂಕ್ಷ್ಮವೂ ಇಲ್ಲಿದೆ. ‘ಹೀ ಈಸ್ ಕಾನ್‌ಸ್ಟಂಟ್ಲಿ ಆಸ್ಕಿಂಗ್ ಕ್ವೆಶ್ಚನ್ಸ್’ ಎಂಬ ವಾಕ್ಯದಲ್ಲಿ ‘ಇಂಗ್’ ರೂಪದೊಡನೆ ಸೇರಿದ ಈ ಪದ, ಹೇಳುವವರ ಬೇಸರವನ್ನೂ ಹಲವೊಮ್ಮೆ ಸೂಚಿಸುತ್ತದೆ. ಕನ್ನಡದಲ್ಲಿ ಆ ಕೆಲಸವನ್ನು ‘ಕೇಳುತ್ತಲೇ ಇರುತ್ತಾನೆ’ ಎಂಬಲ್ಲಿನ ಏಕಾರವೇ ಮಾಡುತ್ತದೆ. ವಿದ್ಯಾರ್ಥಿಯ ಆಸಕ್ತಿಯನ್ನು ಮೆಚ್ಚಿ ಪ್ರಗತಿಪತ್ರದಲ್ಲಿ ಬರೆಯುವಾಗ ಇಂಥ ವಾಕ್ಯ ಬಳಸಿದರೆ ಪೋಷಕರು ಅದನ್ನು ದೂರೆಂದೇ ತಿಳಿದಾರು. ಅಲ್ಲಿ ‘ರೆಗ್ಯುಲರ್ಲಿ’ ಎಂದು ಬರೆದರೆ ಸಾಕು.

— ಸಂಪಾದಕ