ಆ ನೀಲಿ ಅಲೆಯನ್ನು ಕೊಂಡವರು ಯಾರು?

ಪ್ರಶ್ನೆ: ಮಗಳ ಶಾಲೆ ಚೀಲದ ಮೇಲೆ ದೊಡ್ಡ ನೀಲಿ ಅಲೆಯ ಚಿತ್ರ ಇದೆ. ಅದು ಜಪಾನಿನ ಹಳೇ ಚಿತ್ರ, ಈಗ ಕೋಟಿಗಟ್ಟಲೆ ಬೆಲೆ ಅಂತ ಟೀಚರ್ ಹೇಳಿದರಂತೆ. ಆ ಕಾಲದಲ್ಲಿ ಇದನ್ನು ರಾಜರು ಕೊಳ್ಳುತ್ತಿದ್ದರಾ? ಇದರ ಒರಿಜಿನಲ್ ಎಲ್ಲಿದೆ?
(ಓದುಗರೊಬ್ಬರು, ಬೈತಖೋಲ, ಕಾರವಾರ)

ಉತ್ತರ: ಅಕ್ಕಾ, ಮೊದಲು ಆ ಚೀಲ ಹತ್ತಿರ ತಂದು ನೋಡಿ. ಅಲೆಯ ಕೆಳಗೆ ಮೂರು ಉದ್ದನೆಯ ದೋಣಿ ಇವೆ. ಹುಟ್ಟು ಹಾಕುವವರು ತಲೆ ತಗ್ಗಿಸಿ ಸಾಲಾಗಿ ಮುದುರಿ ಕೂತಿದ್ದಾರೆ. ಹಸಿ ಮೀನನ್ನು ಬೇಗ ಪೇಟೆಗೆ ಮುಟ್ಟಿಸುವ ದೋಣಿಗಳು ಅವು. ಬೈತಖೋಲದಲ್ಲಿ ಇರುವವರಿಗೆ ಇದಕ್ಕಿಂತ ಜಾಸ್ತಿ ನಾನು ಹೇಳಬೇಕಾಗಿಲ್ಲ.

ಜಪಾನಿನ ಚಿತ್ರಕಾರ ಹೊಕುಸಾಯ್ ಇದನ್ನು ಬರೆದದ್ದು 1831ರ ಸುಮಾರಿಗೆ, ಎಪ್ಪತ್ತು ದಾಟಿದ ಮೇಲೆ. ಕೊಂಡವರು ರಾಜರಲ್ಲ. ಎದೊ ಊರಿನ, ಅಂದರೆ ಈಗಿನ ಟೋಕಿಯೋದ ಅಂಗಡಿಯವರು, ಬಡಗಿಗಳು, ಕೂಲಿಯವರು, ಮತ್ತೆ ಎದೊ ನೋಡಿ ತಮ್ಮ ಊರಿಗೆ ಹೊರಟವರು. ಮರದ ಹಲಗೆಯಿಂದ ಅಚ್ಚೊತ್ತಿದ ಇಂಥ ಬಣ್ಣದ ಹಾಳೆ ಒಂದಕ್ಕೆ 20 ಮೋನ್ ಆಸುಪಾಸು, ಮೋನ್ ಅಂದರೆ ಆ ಕಾಲದ ಜಪಾನಿನ ಚಿಲ್ಲರೆ ಕಾಸು. ಒಂದು ಬಟ್ಟಲು ಸೊಬಾ ಶಾವಿಗೆಗೆ 16 ಮೋನ್. ಊಟದ ಕಾಸಿಗೆ ಒಂದು ಚಿತ್ರ ಬರುತ್ತಿತ್ತು ಅಂದ ಹಾಗಾಯ್ತು. 1842ರಲ್ಲಂತೂ ಸರ್ಕಾರವೇ ಇಂಥ ಹಾಳೆಯನ್ನು 16 ಮೋನ್‌ಗಿಂತ ಹೆಚ್ಚಿಗೆ ಮಾರಬಾರದು ಅಂತ ಆಜ್ಞೆ ಮಾಡಿತು.

ಜನ ಕೇಳಿದ್ದೇ ಅಚ್ಚಾಗುತ್ತಿತ್ತು. ಜಾಸ್ತಿ ಓಡುತ್ತಿದ್ದದ್ದು ಕಬುಕಿ ಅನ್ನುವ ಅಲ್ಲಿನ ನಾಟಕದ ನಟರ ಚಿತ್ರ. ನಮ್ಮಲ್ಲಿ ಯಕ್ಷಗಾನದ ವೇಷಧಾರಿಗಳ ಮೇಲೆ ಜನಕ್ಕೆ ಎಷ್ಟು ಅಭಿಮಾನ ಇದೆಯೋ, ಅಲ್ಲಿಯ ಜನಕ್ಕೆ ಆ ನಟರ ಮೇಲೂ ಅಷ್ಟೇ ಇತ್ತು. ಫುಜಿ ಬೆಟ್ಟದ 36 ನೋಟ ಅಂತ ಶುರುವಾದ ಸರಣಿ ಚೆನ್ನಾಗಿ ಮಾರಾಟವಾಗಿದ್ದಕ್ಕೆ ಇನ್ನೂ 10 ಸೇರಿ 46 ಆಯ್ತು, ಈ ಅಲೆ ಅದರಲ್ಲಿ ಒಂದು. ಕೊಂಡವರು ಹಾಳೆಯನ್ನು ಗೋಡೆಗೆ ಅಂಟಿಸುತ್ತಿದ್ದರು. ಬೀಸಣಿಗೆಗೆ ಅಂತಲೇ ಅಚ್ಚಾದವೂ ಇದ್ದವು, ಮಕ್ಕಳು ಕತ್ತರಿಸಿ ಆಡುವಂಥವೂ ಇದ್ದವು. ಶಿರಸಿಯ ನಮ್ಮ ಮನೆ ಜಗಲಿಯಲ್ಲಿ ಅಜ್ಜಿ ಮಾರಿಕಾಂಬಾ ಜಾತ್ರೆಯಿಂದ ತಂದ ಲಕ್ಷ್ಮಿ ಪಟ ಒಂದಿದೆ, ಅಂಚು ಹೊಗೆ ಹಿಡಿದು ಕಂದಾಗಿದೆ. ಆ ಹಾಳೆಗಳನ್ನು ನೆನೆದಾಗೆಲ್ಲ ನನಗೆ ಈ ಪಟವೇ ಕಣ್ಣ ಮುಂದೆ ಬರುತ್ತದೆ.

ಇನ್ನು ಒರಿಜಿನಲ್ ವಿಷಯ. ಅಂಥ ಒಂದು ಪ್ರತಿ ಅಂತ ಇಲ್ಲವೇ ಇಲ್ಲ! ಹೊಕುಸಾಯ್ ತೆಳು ಕಾಗದದಲ್ಲಿ ಬರೆದುಕೊಟ್ಟ. ಕೆತ್ತುವವರು ಅದನ್ನೇ ಚೆರ್ರಿ ಹಲಗೆಗೆ ಬೋರಲು ಅಂಟಿಸಿ, ಕಾಗದದ ಸಮೇತ ಕೆತ್ತಿದರು, ಹಾಗಾಗಿ ಅವನು ಕೈಯಾರೆ ಬರೆದ ಚಿತ್ರ ಅಲ್ಲಿಗೇ ಮುಗಿಯಿತು. ಬಣ್ಣಗಳಿಗೆ ಬೇರೆ ಬೇರೆ ಹಲಗೆ. ಪ್ರತಿ ಹಲಗೆಯ ಮೂಲೆಯಲ್ಲಿ ಒಂದು ಸಣ್ಣ ಕಚ್ಚು, ಅಂಚಿನಲ್ಲಿ ಇನ್ನೊಂದು, ಅದಕ್ಕೆ ಕೆಂತೊ ಅಂತಾರೆ. ಒದ್ದೆ ಕಾಗದದ ಅಂಚನ್ನು ಆ ಕಚ್ಚಿಗೆ ಕೂರಿಸಿ, ಬಿದಿರಿನ ಪೊರೆ ಸುತ್ತಿದ ದುಂಡನೆಯ ಬಿಲ್ಲೆಯಿಂದ ಬೆನ್ನ ಮೇಲೆ ಉಜ್ಜುವುದು. ಕಾಗದ ಕೂದಲೆಳೆಯಷ್ಟು ಜರುಗಿದರೂ ನೀಲಿ ಬಣ್ಣ ಗೆರೆಯನ್ನು ದಾಟಿ ಹೋಗುತ್ತದೆ. ಇಷ್ಟೂ ಕೆಲಸಕ್ಕೆ ದುಡ್ಡು ಹಾಕಿದ್ದು ಪ್ರಕಾಶಕ, ಹಾಳೆ ಓಡದಿದ್ದರೆ ನಷ್ಟವೂ ಅವನದ್ದೇ. ಕೆತ್ತಿದವರ, ಒತ್ತಿದವರ ಹೆಸರು ಈ ಹಾಳೆಯ ಮೇಲೆ ಇಲ್ಲ, ಅದು ನನಗೆ ತುಂಬಾ ಬೇಜಾರಿನ ಸಂಗತಿ.

ಬೇಡಿಕೆ ಇರುವ ತನಕ ಒತ್ತುತ್ತಲೇ ಇದ್ದರು, ಹಲಗೆ ಸವೆಯುತ್ತಲೇ ಇತ್ತು. ಎಡಗಡೆ ಮೇಲೆ ಹೆಸರು ಬರೆದ ಚೌಕ ಇದೆಯಲ್ವಾ, ಮೊದಲ ಪ್ರತಿಗಳಲ್ಲಿ ಅದರ ಗೆರೆ ತುಂಡಾಗದೆ ಬಂದಿದೆ, ಆಮೇಲಿನವುಗಳಲ್ಲಿ ಎಡಗಡೆಯ ಗೆರೆ ನಡುವೆ ಮುರಿದಿದೆ. ಚೀಲದ ಚಿತ್ರದಲ್ಲಿ ಆ ಚೌಕ ಉಳಿದಿದ್ದರೆ, ಮುರಿದ ಗೆರೆಯೋ ಇಡೀ ಗೆರೆಯೋ ಅಂತ ಮಗಳ ಹತ್ತಿರ ನೋಡಿಸಿ, ನನಗೂ ಒಂದು ಸಾಲು ಬರೆಯಿರಿ.